ಅಪ್ಪ ನೋಡದ ಕೂದಲು

ಅಕ್ರಾ, ಭಾನುವಾರ

ಅದುಸೇಯಿ ಮಾವನಿಗೆ ಬಾರಿಮಾನ ನಮಸ್ಕಾರ.

ಅಪ್ಪನ ಅಂತ್ಯಕ್ರಿಯೆಗೆ ಮಕ್ಕಳೆಲ್ಲ ತಲೆ ಬೋಳಿಸಬೇಕೆಂದು ನೀವು ಹೇಳಿಕಳಿಸಿದ್ದು ತಲುಪಿತು. ಕೂದಲು ಉದುರಿಸುವ ಗಂಡು ಹಾರ್ಮೋನನ್ನು ದಿನಚರಿಯಿಂದಲೇ ಹದದಲ್ಲಿಡಬಹುದೆಂದು ನಂಬಿ, ವರ್ಷದಿಂದ ಬಿಯರು, ಸಕ್ಕರೆ ಬಿಟ್ಟಿದ್ದೇನೆ. ಬೇಗ ಮಲಗುವುದು, ಮುಂಜಾನೆ ಓಡುವುದು, ಕುಂಬಳದ ಬೀಜ ಅಗಿಯುವುದು ಎಲ್ಲ ಮಾಡಿ ಮಾಡಿ ಸಾಕಾಗಿದೆ. ಉದುರುವುದೇನೋ ತುಸು ಕಡಿಮೆಯಾಗಿದೆ.

“ನಮ್ಮ ಮನೆತನದ ನೆತ್ತಿ ಮೇಲೆ ಹುಲ್ಲೂ ಹುಟ್ಟಲ್ಲ ಕಣೋ, ಸುಮ್ನೆ ಹೊಟ್ಟೆ ತುಂಬ ಫುಫು ಮುದ್ದೆ ತಿನ್ನು,” ಎಂದು ಅಪ್ಪ ಫೋನಿನಲ್ಲಿ ನಗುತ್ತಿದ್ದ. ಈಸ್ಟರಿಗೆ ಊರಿಗೆ ಬಂದು ಉಳಿದ ಕೂದಲು ತೋರಿಸಬೇಕೆಂದಿದ್ದೆ.

ನನ್ನನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ ಮಾವ, ಬೋಳಿಸಿ. ಅದಕ್ಕೆ ಮುಂಚೆ ಅಪ್ಪನನ್ನು ಮಲಗಿಸಿದ ಕೋಣೆಗೆ ಒಂದು ಗಳಿಗೆ ನನ್ನೊಬ್ಬನನ್ನೇ ಕಳಿಸಿ. ತಲೆ ಬಗ್ಗಿಸಿ ತೋರಿಸಿ ಬರುತ್ತೇನೆ.

ನಿಮ್ಮ ಸೋದರಳಿಯ,
ಬಾರಿಮಾ