ತಕ್ಕಡಿಯಾಗಿದ್ದರೆ

ಮಾರ್ಚ್ ೪, ಬೆಳಗ್ಗೆ

ನಿನ್ನೆಯ ಬರಹದಲ್ಲಿ ತಪ್ಪೊಂದು ನುಸುಳಿದೆ. ‘ಇವಳ ತೂಕ ಇಳಿಯುತ್ತಿದೆ’ ಎಂದು ಬರೆದಿದ್ದೇನೆ. ಭೂಮಿಯ ಸೆಳೆತವೇನೂ ಕುಗ್ಗಿಲ್ಲ. ಇಳಿಯುತ್ತಿರುವುದು ದ್ರವ್ಯರಾಶಿ, ತೂಕ ಅದನ್ನು ಹಿಂಬಾಲಿಸುತ್ತಿದೆ, ಅಷ್ಟೆ. ತಿದ್ದಿದ ಮೇಲೆ ವಾಕ್ಯ ಸರಿಯಾಯಿತು. ಓದಲು ಮೊದಲಿಗಿಂತ ಕಷ್ಟವಾಯಿತು.

ಇಂದು ನಲವತ್ತೊಂದೂವರೆ. ಇವಳು ಬಚ್ಚಲ ಬಾಗಿಲಲ್ಲಿ ತೂಕದ ಯಂತ್ರದ ಮೇಲೆ ನಿಂತಳು. ನಾನು ಮಂಡಿಯೂರಿ ಮುಳ್ಳು ನೋಡಿದೆ.

“ದಿನಾ ಹೆಂಡ್ತಿ ಕಾಲಿಗೆ ಬೀಳೋ ಮೇಷ್ಟ್ರು ನೀವೊಬ್ರೇ ಕಣ್ರೀ.”

ನಗಲಾಗಲಿಲ್ಲ. ಹೊಟ್ಟೆಯ ಗಡ್ಡೆ ತೆಗೆಯಬೇಕಾದರೆ ಕನಿಷ್ಠ ನಲವತ್ತೈದು ಕಿಲೊ ಇರಬೇಕೆಂದು ಸರ್ಜನ್ ಹೇಳಿದ್ದಾರೆ. ಸೋಮವಾರ ಮುಳ್ಳಿನ ಫೋಟೊ ಕಳಿಸಬೇಕು. ಮುಟ್ಟಿದ್ದರೆ ಶುಕ್ರವಾರ ಆಸ್ಪತ್ರೆ, ಶನಿವಾರ ಆಪರೇಷನ್. ಇಲ್ಲವಾದರೆ ಮುಂದಿನ ತಿಂಗಳ ಮಾತು. ಗಡ್ಡೆ ಮುಂದಿನ ತಿಂಗಳವರೆಗೆ ಸುಮ್ಮನಿರುತ್ತದೆಯೇ? ಅದನ್ನು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮಾರ್ಚ್ ೬, ಮಧ್ಯಾಹ್ನ

ಊಟಕ್ಕೆ ಕೂರಿಸುವುದೇ ಒಂದು ಯುದ್ಧ. ಮಾತಿನಲ್ಲಿ ಮರೆಸಿ ನಾಲ್ಕು ತುತ್ತು ಇಳಿಸೋಣವೆಂದು ಪಾಠ ತೆಗೆದೆ. ಚಂದ್ರನ ಮೇಲೆ ತೂಕ ಆರನೆಯ ಒಂದು ಭಾಗ, ಗುರುಗ್ರಹದಲ್ಲಾದರೆ ಎರಡೂವರೆ ಪಟ್ಟು. ದ್ರವ್ಯರಾಶಿ ಮಾತ್ರ ಎಲ್ಲಿ ಹೋದರೂ ಅಷ್ಟೇ.

“ಹಾಗಾದ್ರೆ ಗುರುಗ್ರಹದಲ್ಲೇ ಒಂದು ಆಸ್ಪತ್ರೆ ನೋಡ್ರೀ.”

“ಅಷ್ಟು ದೂರ ಯಾಕೆ? ನಮ್ಮ ಲಿಫ್ಟ್ ಮೇಲಕ್ಕೆ ಹೊರಡುವ ಕ್ಷಣ ನೋಡು, ಅಲ್ಲೇ ಸ್ವಲ್ಪ ಜಾಸ್ತಿ. ತೋರಿಕೆಯ ತೂಕ ಅಂತಾರೆ.”

“ಹೌದಾ?” ಎಂದಳು. ತಟ್ಟೆ ಹಾಗೇ ಉಳಿಯಿತು.

ನಿದ್ದೆಯಿಲ್ಲ. ಕೋಣೆಯಿಂದ ಕೋಣೆಗೆ ನಡೆಯುತ್ತೇನೆ. ಹಿಂದಿನಿಂದ ಕೂಗುತ್ತಾಳೆ — “ಟೈಲ್ಸ್ ಸವೆದು ಹೋಗ್ತವೆ!”

ಮಾರ್ಚ್ ೧೦, ಬೆಳಗ್ಗೆ

ನಲವತ್ತೈದು! ನಾನು ಹಾಲು ತರಲು ಹೋಗಿದ್ದಾಗ ತಾನೇ ನಿಂತು, ತಾನೇ ಫೋಟೊ ತೆಗೆದಿದ್ದಾಳೆ. ಮುಳ್ಳು ನೇರ ಅಂಕಿಯ ಮೇಲೆ. ಕೂಡಲೇ ಕಳಿಸಿದೆ. ಸರ್ಜನ್ ಒಪ್ಪಿದರು.

ಮೊನ್ನೆ ಶನಿವಾರ ನಾಲ್ಕೂವರೆ ಕಮ್ಮಿಯೇ ಇತ್ತಲ್ಲ... ‘ನಾಲ್ಕೂವರೆ ಕಮ್ಮಿ’ ತಪ್ಪು, ಮೂರೂವರೆ. ಲೆಕ್ಕ ತಪ್ಪುತ್ತಿದೆ. ಸಂತೋಷಕ್ಕೇ ಇರಬೇಕು.

ಅದೇ ದಿನ, ಸಂಜೆ

ಕೆಳಗೆ ವಾಚ್‌ಮನ್ ತಡೆದು ನಿಲ್ಲಿಸಿದ.

“ಮೇಷ್ಟ್ರೇ, ಅಮ್ಮಾವ್ರ ತಕ್ಕಡಿ ರಿಪೇರಿ ಆಯ್ತಾ?”

“ಯಾವ ತಕ್ಕಡಿ?”

“ಬೆಳಗ್ಗೆ ಲಿಫ್ಟಲ್ಲಿ ಇಟ್ಕೊಂಡು ಮೇಲೆ-ಕೆಳಗೆ ಓಡಾಡ್ತಿದ್ರಲ್ಲ. ಗೋಡೆಗೆ ಒರಗಿ ಏದುಸಿರು ಬಿಡ್ತಿದ್ರು. ನಾನು ಹಿಡ್ಕೊಳ್ಳಾ ಅಂದ್ರೆ ಬೇಡ ಅಂದ್ರು.”

“ಅದು ತಕ್ಕಡಿ ಅಲ್ಲಪ್ಪ, ಸ್ಪ್ರಿಂಗ್ ತ್ರಾಸು. ತಕ್ಕಡಿಯಲ್ಲಿ ಎರಡು ತಟ್ಟೆ ಇರುತ್ತೆ. ಲಿಫ್ಟು ಹತ್ತಲಿ, ಇಳಿಯಲಿ, ಎರಡೂ ಕಡೆ ಒಂದೇ ಥರ ಜಗ್ಗುತ್ತೆ, ಲೆಕ್ಕ ತಪ್ಪಲ್ಲ. ಸ್ಪ್ರಿಂಗಾದರೆ...”

ಲಿಫ್ಟಿನ ಬಾಗಿಲ ಕಡೆ ತಿರುಗಿದೆ.

“ಸ್ಪ್ರಿಂಗಾದ್ರೆ ಏನ್ ಮೇಷ್ಟ್ರೇ?”

ಮೆಟ್ಟಿಲು ಹತ್ತಿದೆ. ಫೋಟೊ ಹಿಗ್ಗಿಸಿ ನೋಡಿದೆ. ಯಂತ್ರದ ಕೆಳಗಿರುವುದು ನಮ್ಮ ನೆಲವಲ್ಲ. ಲಿಫ್ಟಿನ ಕಪ್ಪು ರಬ್ಬರ್ ಹಾಸು.

ಮಾರ್ಚ್ ೧೧

“ನೀನು ಸುಳ್ಳು ಹೇಳಿದೆ,” ಎಂದೆ.

“ಸುಳ್ಳೇನ್ರೀ? ಮುಳ್ಳು ಅಲ್ಲಿಗೆ ಹೋಗಿತ್ತಲ್ಲ. ಡಾಕ್ಟರು ತೂಕ ಕೇಳಿದ್ರು, ತೂಕ ಕೊಟ್ಟೆ. ದ್ರವ್ಯರಾಶಿ ಕೇಳಿದ್ರಾ?”

“ಅದು ತೋರಿಕೆಯ ತೂಕ!”

“ಅವರೂ ತೋರ್ಸಿ ಅಂತಾನೇ ಅಂದಿದ್ದು. ತೋರ್ಸ್ದೆ.”

ಇಷ್ಟು ವರ್ಷ ಪಾಠ ಮಾಡಿದ್ದೇನೆ. ಹೀಗೆ ಕೇಳಿಸಿಕೊಂಡ ವಿದ್ಯಾರ್ಥಿ ಇನ್ನೊಬ್ಬರಿರಲಿಲ್ಲ.

“ಅಲ್ಲಿ ಮತ್ತೆ ತೂಗಲ್ವೇನೇ?”

“ತೂಗ್ಲಿ. ಹಾಸಿಗೆ ಮೇಲೆ ಮಲಗ್ಬಿಟ್ರೆ ಎಬ್ಬಿಸಿ ಕಳಿಸ್ತಾರಾ?” ಆಮೇಲೆ ತಗ್ಗಿದ ದನಿಯಲ್ಲಿ: “ಒಳಗಿರೋದು ದಿನಾ ಬೆಳೀತಿದೆ ಕಣ್ರೀ. ನಾನು ತಿಂದಿದ್ದೆಲ್ಲ ಅದಕ್ಕೇ ಹೋಗ್ತಿದೆ ಅನ್ಸುತ್ತೆ. ಹೇಳ್ಬೇಡಿ.”

ಅರಿವಳಿಕೆ ಮದ್ದನ್ನು ಕಿಲೊ ಲೆಕ್ಕದಲ್ಲೇ ಕೊಡುತ್ತಾರೆ. ನಲವತ್ತೈದರ ಮದ್ದು ನಲವತ್ತೊಂದೂವರೆಯ ಮೈಗೆ. ಮೈ ತಡೆಯದಿದ್ದರೆ... ಹೇಳದಿದ್ದರೆ ಅದು. ಹೇಳಿದರೆ ಇನ್ನೊಂದು ತಿಂಗಳು, ಆ ಗಡ್ಡೆಯ ಜೊತೆ. ಫೋನು ಮೇಜಿನ ಮೇಲಿದೆ. ಮೇಜು ಸುತ್ತುತ್ತಿದ್ದೇನೆ.

ಮಾರ್ಚ್ ೧೨

ಹೇಳಿದೆ. ಸರ್ಜನ್ “ಲಿಫ್ಟಲ್ಲಾ?” ಎಂದು ಎರಡು ಸಲ ಕೇಳಿದರು. ಬೈಯಲಿಲ್ಲ. ಶನಿವಾರ ಖಂಡಿತ ಆಗದು. ಆದರೆ ಇಷ್ಟು ಹಟವಿರುವವರನ್ನು ಮನೆಯಲ್ಲಿ ಬಿಡುವುದೂ ಬೇಡ. ಶುಕ್ರವಾರವೇ ಕರೆತನ್ನಿ, ನಾಳದ ಮೂಲಕ ಆಹಾರ ಕೊಟ್ಟು ನೋಡೋಣ, ನಲವತ್ಮೂರಕ್ಕೆ ಬಂದರೂ ಧೈರ್ಯ ಮಾಡುತ್ತೇನೆ ಎಂದರು.

ಇವಳು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅಂದಿನಿಂದ ಮಾತಿಲ್ಲ. ‘ಅಂದಿನಿಂದ’ ಅಲ್ಲ, ಬೆಳಗಿನಿಂದ.

...

ಈಗ ಬಂದು ಮೇಜಿಗೆ ಕೂತಿದ್ದಾಳೆ. ಮುಂದೆ ಹಾಲು-ಅನ್ನದ ಬಟ್ಟಲು. ತಾನೇ ಕಲಸಿಕೊಂಡದ್ದು.

“ನಲವತ್ಮೂರು ಅಂದ್ರಲ್ಲ?”

“ಹೌದು.”

“ಮತ್ತೆ ಬದಲಾಯ್ಸಲ್ಲ ತಾನೆ?”

“ಇಲ್ಲ.”

“ನೀವು ಹೀಗೆ ಬಾಯಿ ನೋಡ್ತಾ ಕೂತ್ರೆ ನಂಗೆ ಇಳಿಯಲ್ಲ. ಆ ಕಡೆ ತಿರುಗಿ ಕೂತ್ಕೊಳ್ಳಿ. ಏನಾದ್ರೂ ಬರ್ಕೊಳ್ಳಿ.”

ಗೋಡೆ ನೋಡುತ್ತ ಬರೆಯುತ್ತಿದ್ದೇನೆ. ಬೆನ್ನ ಹಿಂದೆ ಚಮಚದ ಸದ್ದು. ಒಂದು. ಬಹಳ ಹೊತ್ತಿನ ಮೇಲೆ ಇನ್ನೊಂದು. ಕೆಮ್ಮಿದಳು. ತಿರುಗಬಾರದು. ನೀರು ಕುಡಿದಳು. ಚಮಚ ನಿಂತಿದೆ... ತಿರುಗಬಾರದು... ಮತ್ತೆ ಬಟ್ಟಲಿಗೆ

ಮಾರ್ಚ್ ೧೩

ಇವಳ ಉಸಿರು ನಿಂತದ್ದು ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ.