ಗಾಜಿನ ನಳಗಿ ತಾನ ಸಿಡಿದಿತ್ತು

ರಾಯಚೂರು, ೧೯೮೬

ಜಿಲಾನಿ,

ನೀ ತೀರಿ ವರ್ಷ ಆತು, ಈ ಕಾಗದ ನಿನಗ ಮುಟ್ಟಂಗಿಲ್ಲ. ಆದ್ರೂ ಇವತ್ತಿನ ಸುದ್ದಿ ನಿನಗ ಹೇಳಬೇಕು.

ನಮ್ಮ ಎಣ್ಣಿ ಗಿರಣಿ ಬಾಯ್ಲರಿನ ನೀರಿನ ಮಟ್ಟ ತೋರ್ಸೋ ಗಾಜಿನ ನಳಗಿ ಸಿಡಿದು ನಿನ್ನ ಕಣ್ಣು ಹೋತಲ್ಲ, ಅದರ ಚೂರು ನಾ ಎತ್ತಿಟ್ಟಿದ್ದೆ. ಇಲ್ಲಿನ ಕಾಲೇಜಿನ ಮೇಷ್ಟ್ರೊಬ್ಬರು ಅವನ್ನ ಬೆಂಗಳೂರಿಗೆ ಕಳಿಸಿದ್ರು. ಅಲ್ಲಿ ಚೂರಿನ ಮ್ಯಾಲ ಲೇಸರ್ ಬೆಳಕು ಬಿಟ್ಟು, ಚದುರಿದ ಬೆಳಕನ್ನ ಬಣ್ಣ ಬಣ್ಣ ಬಿಡಿಸಿ ನೋಡ್ಯಾರ. ನಳಗಿ ಮಾಡುವಾಗ ಕಾಯ್ದ ಗಾಜನ್ನ ಸಾವಕಾಶ ಆರಿಸಿಲ್ಲ, ಬಿಗುವು ಒಳಗ ಉಳಿದು ತಾನ ಸಿಡಿದದ ಅಂತ ಇವತ್ತು ಮುಂಜಾನಿ ವರದಿ ಬಂತು.

ಅದೇ ಪೆಟ್ಟಿಗಿಯೊಳಗ ಬಂದ ಇನ್ನೊಂದು ನಳಗಿ ಈಗಲೂ ಬಾಯ್ಲರಿಗದ. ಅದರ ಮುಂದ ನಿಂದ್ರಾಂವ ನಿನ್ನ ತಮ್ಮ ಖಾಜಾ. ಗಿರಣಿಗೆ ಓಡಿದೆ. ಅಂವ ಗಾಜಿಗೆ ಮಾರಿ ಹಚ್ಚಿ ನೀರು ನೋಡಾಕತ್ತಿದ್ದ. ರಟ್ಟಿ ಹಿಡಿದು ಹಿಂದಕ್ಕ ಎಳೆದೆ, ಬಾಯ್ಲರ್ ಬಂದ್ ಮಾಡಿಸಿದೆ.

ವರದಿ ಓದಿ ಹೇಳಿದೆ. ಖಾಜಾ ಕೇಳಿದ:

"ಹಂಗಾದ್ರ ಅಣ್ಣ ಕಾಯ್ದ ಗಾಜಿಗೆ ತಣ್ಣೀರು ಸುರುವಿದ ಅಂತ ಗಿರಣಿ ಸಾಹೇಬರಿಗೆ ಬರಕೊಟ್ಟೋರು ಯಾರ್ರೀ?"

"ನಾನ," ಅಂದೆ. "ಹಂಗ ಆಗಿರಬೇಕು ಅಂದ್ಕೊಂಡಿದ್ದೆ."

ಅಂವ ಬೈಲಿಲ್ಲ. "ಮಾನ್ವಿಗೆ, ನಮ್ಮ ಮನಿಗೆ ಬರ್ರಿ. ಅಮ್ಮೀ ಮುಂದ ನೀವ ಹೇಳ್ರಿ. ಅಕಿ ಇನ್ನೂ ಅಣ್ಣಂದ ತಪ್ಪು ಅಂತ ತಿಳ್ಕೊಂಡಾಳ," ಅಂದ.

ಬಸ್ ಸ್ಟ್ಯಾಂಡಿನ್ಯಾಗ ಕುಂತು ಬರಿಯಾಕತ್ತೀನಿ. ಎರಡು ಬಸ್ಸು ಬಿಟ್ಟೆ. ಗಿರಣಿಗೆ ಓಡುವಾಗ ಸೈತ ಇಷ್ಟು ಅಂಜಿದ್ದಿಲ್ಲ. ಮೂರನೇದ್ದು ಬಂದು ನಿಂತದ. ಖಾಜಾ ನನಗೂ ಜಾಗ ಹಿಡಿದು ಕಿಡಕಿಯಿಂದ ಕರಿಯಾಕತ್ಯಾನ.

ಗದ್ದೆಪ್ಪ, ಗಿರಣಿ ಫಿಟ್ಟರ್