ಇಪ್ಪತ್ತಾರು ದಿನಗಳ ಐಟಿನರರಿ

ಜುಲೈ 21, ಸೋಮವಾರ. ಬೆಳಿಗ್ಗೆ 6.10

ಹಾಲು ಒಲೆಯ ಮೇಲೆ. ಅಪ್ಪ ವಾಕಿಂಗ್‌ಗೆ ಹೋಗಿದ್ದಾರೆ. ಪೀಣ್ಯದ ಫ್ಯಾಕ್ಟರಿಯಲ್ಲಿ ಇವತ್ತು ಮತ್ತೆ ಅದೇ ಕರ್ಮ. ಬುಧವಾರ ಆಡಿಟ್, ಇನ್ಸ್‌ಪೆಕ್ಷನ್ ರೂಮಿನ ಟೆಂಪರೇಚರ್ ರಿಜಿಸ್ಟರ್ ಮೇ ತಿಂಗಳಿಂದ ಖಾಲಿ. ದಿನಾ ನೋಡಿ ಬರೆಯುವವರು ಯಾರೂ ಇಲ್ಲ. ಆಡಿಟ್ ಬಂತೆಂದರೆ ನಾನು ಕೂತು ತುಂಬಿಸುತ್ತೇನೆ. ಹನ್ನೊಂದು ವರ್ಷದ ಸರ್ವಿಸ್! ನಾಲ್ಕು ಪೆನ್ನು ಬೇಕು. ಎಲ್ಲಾ ದಿನವೂ ಇಪ್ಪತ್ತು ಡಿಗ್ರಿ ಅಂತ ಬರೆದರೆ ಸಿಕ್ಕಿಬೀಳುತ್ತೇವೆ. ಒಂದು ದಿನ 20.6, ಒಂದು ದಿನ 19.4, ಒಂದು ಕಡೆ ತಪ್ಪು ಬರೆದು ಹೊಡೆದುಹಾಕಿ ಪಕ್ಕದಲ್ಲಿ ಸಹಿ. ತಪ್ಪುಗಳಿದ್ದರೇ ನಂಬುತ್ತಾರೆ. ಪ್ರತಿ ಸಾಲಿನ ಕೊನೆಗೆ 'ಪರಿಶೀಲಿಸಲಾಗಿದೆ — ಶ್ರೀರಂಜನಿ.'

ತೊಮಾಜ್ ಮೆಸೇಜ್ ಹಾಕಿದ್ದಾನೆ. ಹಳೇ ವ್ಯಾನ್ ರಿಪೇರಿ ಮುಗಿಯಿತಂತೆ. ಸೆಪ್ಟೆಂಬರ್‌ನಲ್ಲಿ ಬಾ, ಒಂದು ತಿಂಗಳು ಯುರೋಪ್ ಸುತ್ತೋಣ ಅಂತಾನೆ. ಎಲ್ಲೆಲ್ಲಿ ಅಂತ ಕೇಳಿದರೆ, "ಬೆಳಿಗ್ಗೆ ಎದ್ದು ನೋಡೋಣ." ಇದಂತೆ ಅವನ ಪ್ಲಾನ್!

ಎರಡು ವರ್ಷದ ಹಿಂದೆ ಸ್ಲೊವೇನಿಯಾದಿಂದ ನಮ್ಮ ಫ್ಯಾಕ್ಟರಿಗೆ ಗ್ರೈಂಡಿಂಗ್ ಮೆಷಿನ್ ಕೂರಿಸಲು ಬಂದವನು. ಮೂರು ತಿಂಗಳು ಇದ್ದ. ಆಮೇಲೆ ನಮ್ಮದು ಫೋನಿನಲ್ಲೇ ಸಂಸಾರ. ಮಾರ್ಚ್‌ನಲ್ಲಿ ಅಪ್ಪನಿಗೆ ಹೇಳಿದೆ. ಆವತ್ತಿನಿಂದ ಅಪ್ಪ ಮಾತು ಬಿಟ್ಟಿದ್ದಾರೆ. ಅಮ್ಮ ಹೋಗಿ ನಾಲ್ಕು ವರ್ಷ, ಜಾಲಹಳ್ಳಿಯ ಈ ಮನೆಯಲ್ಲಿ ಇರುವವರೇ ಇಬ್ಬರು. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಫ್ರಿಜ್‌ಗೆ ಅಂಟಿಸುತ್ತಾರೆ.

ಈ ಸಲ ಹೋಗಲೇಬೇಕು. ನನಗೆ ಮೂವತ್ತೇಳು. ಅವನ ಜೊತೆ ಬದುಕಲು ಆಗುತ್ತದಾ ಇಲ್ಲವಾ ನೋಡಿಬಿಡಬೇಕು. ಥೂ, ಹಾಲು ಉಕ್ಕಿತು.

ಜುಲೈ 24, ಗುರುವಾರ

ಜಾಲಹಳ್ಳಿ ಕ್ರಾಸ್‌ನಲ್ಲಿ ಮೆಟ್ರೋ ಕೆಳಗೆ ವೀಸಾ ಏಜೆಂಟ್ ಲೋಕೇಶ್‌ನ ಅಂಗಡಿ. ಬಾಯಿ ತುಂಬಾ ಮಾತು.

"'ಫ್ಲೆಕ್ಸಿಬಲ್ ಟ್ರಿಪ್' ಅಂತ ಬರೆದ್ರೆ ಮುಖ ನೋಡ್ದೆ ರಿಜೆಕ್ಟ್ ಮಾಡ್ತಾರೆ ಮೇಡಂ. ಒಂದೊಂದು ರಾತ್ರಿ ಎಲ್ಲಿ ಮಲಗ್ತೀರಾ ತೋರಿಸ್ಬೇಕು."

"ವ್ಯಾನ್‌ನಲ್ಲಿ."

"ಅಯ್ಯೋ, ವ್ಯಾನ್ ಅಂತ ಬಾಯ್ತಪ್ಪಿನೂ ಅನ್ಬೇಡಿ! ಹೋಟೆಲ್ ಬುಕ್ ಮಾಡಿ, ವೀಸಾ ಆದ್ಮೇಲೆ ಕ್ಯಾನ್ಸಲ್ ಮಾಡ್ಕೊಳ್ಳಿ. ಟಿಕೆಟ್ ನಾನು ಬ್ಲಾಕ್ ಮಾಡಿಕೊಡ್ತೀನಿ. ಎಲ್ರೂ ಅದೇ ಮಾಡೋದು ಕಣ್ರೀ. ಆಮೇಲೆ ಎಲ್ಲಾದ್ರೂ ಅಲೀರಿ, ಯಾರು ಕೇಳ್ತಾರೆ?"

ವಾಪಸ್ ಬರುವುದಕ್ಕೂ ಒಂದು ಕಾರಣ ತೋರಿಸಬೇಕಂತೆ. "ವಯಸ್ಸಾದ ತಂದೆ, ನಾನೇ ದಿಕ್ಕು ಅಂತ ಹಾಕಿ. ಸಕ್ಕತ್ ವರ್ಕ್ ಆಗತ್ತೆ."

ಹಾಕಿದೆ. ದಿಕ್ಕಂತೆ ದಿಕ್ಕು.

ಜುಲೈ 27, ಭಾನುವಾರ. ಮಧ್ಯಾಹ್ನ 3

ಐಟಿನರರಿ, ಅಂದರೆ ದಿನವಾರು ಪ್ರವಾಸದ ಪಟ್ಟಿ, ಮುಗಿಯಿತು. ಸೆಪ್ಟೆಂಬರ್ 8ರಿಂದ ಅಕ್ಟೋಬರ್ 3, ಇಪ್ಪತ್ತಾರು ದಿನ. ಲುಬ್ಲಿಯಾನಾ, ಗ್ರಾಜ್, ಟ್ರಿಯೆಸ್ಟೆ, ಪಡುವಾ… ಬರೀ ಊರಿನ ಹೆಸರು, ಹೋಟೆಲ್ ಹೆಸರು ಹಾಕಿದರೆ ಸುಳ್ಳು ಎದ್ದು ಕಾಣುತ್ತಿತ್ತು. ಸ್ವಲ್ಪ ಜೀವ ತುಂಬಿದೆ. ಒಂಬತ್ತನೇ ದಿನ ಗ್ರಾಜ್‌ನಲ್ಲಿ ಹೊಟ್ಟೆ ಕೆಟ್ಟಿತು, ಇಡೀ ದಿನ ರೂಮಿನಲ್ಲೇ. ಹದಿನಾಲ್ಕನೇ ದಿನ ಟ್ರಿಯೆಸ್ಟೆ ಬಸ್ಸಿನಲ್ಲಿ ಛತ್ರಿ ಮರೆತದ್ದು. ಕೊನೆಗೆ ನೋಡಿದರೆ ಪ್ರತಿ ದಿನದ ಮುಂದೂ 'ಪರಿಶೀಲಿಸಲಾಗಿದೆ' ಅಂತ ಸಹಿ ಬೇರೆ ಹಾಕಿಬಿಟ್ಟಿದ್ದೇನೆ! ಸೆಪ್ಟೆಂಬರ್‌ನಲ್ಲಿ ಕೆಡುವ ಹೊಟ್ಟೆ ಜುಲೈನಲ್ಲೇ ಹೇಗೆ ಗೊತ್ತು ಅಂತ ಕೇಳಿದರೆ? ಕೈ ಅಭ್ಯಾಸ. ಆಗಬೇಕಾದ್ದನ್ನು ಆಗಿಹೋದ ಹಾಗೆ ಬರೆದಿದ್ದೇನೆ. ಒಬ್ಬಳೇ ನಕ್ಕೆ.

ತಿದ್ದಲು ಬೇಜಾರು. ಲೋಕೇಶ್‌ಗೆ ಫೋಟೋ ಕಳಿಸಿದೆ. "ಇಷ್ಟು ನೀಟಾಗಿ ಯಾರೂ ಮಾಡಿಲ್ಲ ಮೇಡಂ, ಹಿಂಗೇ ಕೊಟ್ಬಿಡೋಣ," ಅಂದ. ಕೊಟ್ಟುಬಿಡಲಿ.

ಆಗಸ್ಟ್ 6, ಬುಧವಾರ

ವೀಸಾ ಸೆಂಟರ್. ಪಾಸ್‌ಪೋರ್ಟ್ ಇಟ್ಟುಕೊಂಡರು. ಗಾಜಿನ ಮೇಲೆ ಹತ್ತೂ ಬೆರಳು ಒತ್ತಿಸಿಕೊಂಡರು, ಎರಡೆರಡು ಸಲ. ಸಂಜೆಯವರೆಗೂ ಬೆರಳ ತುದಿ ತಣ್ಣಗೆ. ಬಿಸಿ ಲೋಟ ಹಿಡಿದರೂ ಗೊತ್ತಾಗುತ್ತಿರಲಿಲ್ಲ.

ಫ್ರಿಜ್ ಮೇಲೆ ಚೀಟಿ: 'ನೀನು ಇಲ್ಲದಿರುವ ತಾರೀಕುಗಳನ್ನು ಬರೆದಿಡು.' ಬರೆದೆ. ಅಪ್ಪ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಏನಾದರೂ ಅನ್ನುತ್ತಾರೇನೋ ಅಂತ ಕಾದೆ. ಟಿವಿ ಹಾಕಿದರು.

ಸೆಪ್ಟೆಂಬರ್ 4, ಗುರುವಾರ

ಇನ್ನೂ ಇಲ್ಲ. ವೆಬ್‌ಸೈಟ್‌ನಲ್ಲಿ 'ಪರಿಶೀಲನೆಯಲ್ಲಿದೆ.' ತಿಂಗಳಿಂದ ಅದೇ. ಬ್ಲಾಕ್ ಮಾಡಿದ್ದ ಟಿಕೆಟ್ ಕ್ಯಾನ್ಸಲ್ ಆಯಿತು ಅಂತ ಲೋಕೇಶ್. ಫ್ಯಾಕ್ಟರಿಯಲ್ಲಿ ರಜೆ ಮಂಜೂರಾಗಿ ಕೂತಿದೆ. ತೊಮಾಜ್ ಮಾತ್ರ ಆರಾಮ — ಬಂದಾಗ ಬಾ, ವ್ಯಾನ್ ಎಲ್ಲೂ ಓಡಿಹೋಗಲ್ಲ ಅಂತಾನೆ. ಮೆಟ್ರೋದಲ್ಲಿ ಅತ್ತುಬಿಟ್ಟೆ. ಪಕ್ಕದ ಹೆಂಗಸು ಕಡಲೆಕಾಯಿ ಕೊಟ್ಟಳು.

ಸೆಪ್ಟೆಂಬರ್ 8, ಸೋಮವಾರ

ಇವತ್ತು ವಿಮಾನದಲ್ಲಿ ಇರಬೇಕಿತ್ತು. ಪೀಣ್ಯದಲ್ಲಿದ್ದೇನೆ. ರಜೆ ವಾಪಸ್ ತಗೋತೀನಿ ಅಂತ ಎಚ್‌ಆರ್ ಭಾಗ್ಯಶ್ರೀಗೆ ಮೇಲ್ ಹಾಕಿ ಬಂದೆ. ಗೇಟಿನ ಹಾಜರಿ ಮೆಷಿನ್ ಬೆರಳು ತೆಗೆದುಕೊಳ್ಳಲಿಲ್ಲ. ಹತ್ತೂ ಬೆರಳು ಇಟ್ಟೆ. ಕೆಂಪು ದೀಪ. ಭಾಗ್ಯಶ್ರೀ ನಕ್ಕಳು. "ಏನ್ ಮೇಡಂ, ಫಾರಿನ್‌ಗೆ ಹೋಗಿ ಅಂದ್ರೆ ಇಲ್ಲೇ ಇದೀರಾ? ಬಿಡಿ, ಮೆಷಿನ್‌ಗೂ ನೀವು ಹೋಗೋದೇ ಇಷ್ಟ."

ಸೆಪ್ಟೆಂಬರ್ 9, ಮಂಗಳವಾರ. ಮಧ್ಯಾಹ್ನ 1.40

ತೊಮಾಜ್‌ನಿಂದ ಫೋಟೋ. ಕಿಟಕಿ, ಮೇಜು, ಎರಡು ಕಪ್ ಕಾಫಿ. ಕೆಳಗೆ: 'ಇನ್ನೂ ಏಳಲಿಲ್ವಾ?'

ಮೈ ಉರಿಯಿತು. ನನ್ನ ಪಾಡೇ ನನಗೆ ಸಾಕಾಗಿರುವಾಗ ಇವನಿಗೆ ತಮಾಷೆ. ಬೈದು ಹಾಕಿದೆ. ಫೋಟೋ ದೊಡ್ಡದು ಮಾಡಿ ನೋಡಿದೆ. ಮೂಲೆಯಲ್ಲಿ ಹೋಟೆಲಿನ ಹೆಸರು ಕಾಣುತ್ತಿದೆ. ನಾನು ಬರೆದದ್ದೇ, ಎರಡನೇ ದಿನದ್ದು. ಅವನಿಗೆ ಐಟಿನರರಿ ತೋರಿಸಿಯೇ ಇಲ್ಲ ನಾನು.

ಸೆಪ್ಟೆಂಬರ್ 12, ಶುಕ್ರವಾರ

ಅಪ್ಪ ಬೆಳಿಗ್ಗೆ ಒಂದೇ ಲೋಟ ಕಾಫಿ ಮಾಡುತ್ತಿದ್ದಾರೆ. ಸೋಮವಾರದಿಂದಲೇ ಅಂತ ಕಾಣುತ್ತದೆ. ಫ್ರಿಜ್ ಮೇಲೆ ಚೀಟಿಯೂ ಇಲ್ಲ. ಹೇಗೂ ಮಾತಾಡದ ಮನುಷ್ಯ, ವ್ಯತ್ಯಾಸ ತಿಳಿಯಲು ನನಗೆ ಐದು ದಿನ ಬೇಕಾಯಿತು. ಇವತ್ತು ಎದುರಿಗೇ ಹೋಗಿ ನಿಂತೆ. ಪೇಪರ್ ಓದುತ್ತಾ ಹಾಗೇ ಇದ್ದರು. ಕೋಪ ಅಂದುಕೊಂಡೆ. ಕೋಪದಲ್ಲಿ ಇರುವವರು ಸ್ವಲ್ಪವಾದರೂ ಮುಖ ತಿರುಗಿಸುತ್ತಾರೆ. ಅಪ್ಪ ತಿರುಗಿಸಲಿಲ್ಲ.

ಸೆಪ್ಟೆಂಬರ್ 16, ಮಂಗಳವಾರ. ಸಂಜೆ 5

ಕ್ಯಾಂಟೀನ್ ಹಿಂದೆ ನಿಂತು ತೊಮಾಜ್‌ಗೆ ಫೋನ್ ಮಾಡಿದೆ. ಇಷ್ಟು ದಿನಕ್ಕೆ ಎತ್ತಿದ. ಪಿಸುಮಾತು.

"ಯಾಕೆ ಫೋನು? ಬಾಗಿಲಾಚೆ ಇದ್ದೀನಲ್ಲ, ಕೂಗಿದ್ರೆ ಆಗ್ತಿತ್ತು. ಹೊಟ್ಟೆ ಈಗ ಹೇಗಿದೆ?"

"ತೊಮಾಜ್, ನಾನು ಪೀಣ್ಯದಲ್ಲಿದ್ದೀನಿ."

ನಕ್ಕ. ಎಷ್ಟು ಪ್ರೀತಿಯಿಂದ ನಕ್ಕ. "ಜ್ವರ ಬೇರೆ ಬಂದಿರಬೇಕು. ಮಲಗು. ಅನ್ನ ಮೊಸರು ಸಿಗುತ್ತಾ ನೋಡ್ಕೊಂಡು ಬರ್ತೀನಿ."

ಇವತ್ತು ಒಂಬತ್ತನೇ ದಿನ. ಊರು ಗ್ರಾಜ್.

ಸೆಪ್ಟೆಂಬರ್ 17, ಬುಧವಾರ

ಲೋಕೇಶ್‌ಗೆ ಫೋನ್ ಮಾಡಿ ಅಪ್ಲಿಕೇಶನ್ ವಾಪಸ್ ತೆಗೆಸು ಅಂದೆ.

"ಏನ್ ವಾಪಸ್ ಮೇಡಂ? ಆರನೇ ತಾರೀಕು ನೀವೇ ಬಂದು ಪಾಸ್‌ಪೋರ್ಟ್ ಕಲೆಕ್ಟ್ ಮಾಡಿದ್ರಲ್ಲ. ಇಲ್ಲೇ ಕೂತು ಟೀ ಕುಡಿದ್ರಿ. ಏರ್‌ಪೋರ್ಟಿಂದ ಥ್ಯಾಂಕ್ಸ್ ಅಂತ ಬೇರೆ ಹಾಕಿದ್ರಿ. ಟ್ರಿಪ್ ಸೂಪರಾ?"

ಆರನೇ ತಾರೀಕು ಶನಿವಾರ. ನಾನು ಮನೆಯಲ್ಲಿ ಅಕ್ಕಿ ಆರಿಸುತ್ತಿದ್ದೆ. ವೆಬ್‌ಸೈಟ್ ನೋಡಿದೆ. 'ಅರ್ಜಿದಾರರಿಗೆ ತಲುಪಿದೆ.' ಸಹಿಯ ಚಿತ್ರ ಇತ್ತು. ನನ್ನದೇ ಸಹಿ, ಕೊನೆಯಲ್ಲಿ ನಾನು ಎಳೆಯುವ ಗೆರೆಯ ಸಮೇತ.

ಭಾಗ್ಯಶ್ರೀ ಹತ್ತಿರ ಓಡಿದೆ. ಕಂಪ್ಯೂಟರ್‌ನಲ್ಲಿ ಏನೋ ಟೈಪ್ ಮಾಡುತ್ತಿದ್ದಳು. "ಭಾಗ್ಯ" ಅಂದೆ. ಮೂರು ಸಲ. ಎದ್ದು ಫ್ಯಾನ್ ಕಡಿಮೆ ಮಾಡಿ, ದುಪ್ಪಟ್ಟಾ ಹೊದ್ದು ಕೂತಳು.

ಭಯ ಆಗುತ್ತಿದೆ. ಹೆಸರಿಟ್ಟು ಬರೆಯುತ್ತೇನೆ: ಭಯ.

ಸೆಪ್ಟೆಂಬರ್ 27, ಶನಿವಾರ. ಬೆಳಿಗ್ಗೆ 11

ಹತ್ತು ದಿನ ಬರೆಯಲಿಲ್ಲ. ಬರೆಯಲು ಏನೂ ಆಗಲಿಲ್ಲ, ನನಗೆ. ಬಸ್ಸಿನಲ್ಲಿ ನಾನು ಕೂತಿರುವ ಸೀಟಿನ ಮೇಲೆ ಬ್ಯಾಗ್ ಇಡುತ್ತಾರೆ. ಅಲ್ಲಿ ಮಾತ್ರ ಎಲ್ಲಾ ಬರೆದ ಹಾಗೇ ನಡೆಯುತ್ತಿದೆ. ಛತ್ರಿಯೂ ಹೋಯಿತಂತೆ, ತೊಮಾಜ್ ಮೆಸೇಜ್ ಹಾಕಿದ್ದ.

ಈಗ ತೊಮಾಜ್ ತಾನಾಗಿ ಫೋನ್ ಮಾಡಿದ. ಪೇಟೆಗೆ ಬಂದಿದ್ದಾನಂತೆ, ನಾನು ಹೋಟೆಲಿನಲ್ಲಿದ್ದೇನಂತೆ.

"ನಿನ್ನೆ ಅಮ್ಮನ ಬಗ್ಗೆ ಹೇಳಿದೆಯಲ್ಲ, ಆ ಒಂಬತ್ತು ದಿನದ್ದು. ಹೇಳಿ ಒಳ್ಳೇದು ಮಾಡಿದೆ. ನಿನ್ನ ಮೇಲೆ ನಂಗೆ ಪ್ರೀತಿ ಜಾಸ್ತಿಯೇ ಆಯ್ತು. ಅಪ್ಪನಿಗೂ ಹೇಳಿಬಿಡು."

ಕಟ್ ಮಾಡಿದೆ.

ಅದನ್ನು ನಾನು ಯಾರಿಗೂ ಹೇಳಿಲ್ಲ. ಈ ಪುಸ್ತಕದಲ್ಲೂ ಬರೆದಿಲ್ಲ. ಈಗ ಬರೆಯುತ್ತೇನೆ. ಅಮ್ಮನಿಗೆ ದಿನಕ್ಕೆ ಎರಡು ಸಲ ಬಿಪಿ ನೋಡಿ ಚಾರ್ಟ್‌ನಲ್ಲಿ ಬರೆಯಬೇಕಿತ್ತು. ಆಗ ಫ್ಯಾಕ್ಟರಿಯಲ್ಲಿ ಆಡಿಟ್, ಮನೆಗೆ ಬಂದರೆ ಸುಸ್ತು. ಒಂಬತ್ತು ದಿನ ನೋಡಲೇ ಇಲ್ಲ. ಕೊನೆಗೆ ಒಂದೇ ಸಲ ಕೂತು ತುಂಬಿಸಿದೆ. 130-80, 128-82, ಒಂದು ದಿನ 136. ಎರಡು ಪೆನ್ನಿನಲ್ಲಿ. ಹತ್ತನೇ ದಿನ ಅಮ್ಮ ಬಚ್ಚಲಲ್ಲಿ ಬಿದ್ದಳು. ಡಾಕ್ಟರ್ ಚಾರ್ಟ್ ನೋಡಿ, ಎಲ್ಲಾ ಸರಿಯಾಗೇ ಇತ್ತಲ್ಲ ಅಂದರು. ಅಪ್ಪ ಆ ಚಾರ್ಟನ್ನು ಬೀರುವಿನಲ್ಲಿಟ್ಟಿದ್ದಾರೆ. ಈಗಲೂ ತೆಗೆದು ನೋಡುತ್ತಾರೆ. ಎಲ್ಲಾ ಸರಿಯಾಗೇ ಇತ್ತಲ್ಲ ಸತ್ಯಾ, ಅಂತ ಅಮ್ಮನ ಹೆಸರು ಹಿಡಿದು ಅನ್ನುತ್ತಾರೆ.

ನಾಲ್ಕು ವರ್ಷ ನನ್ನ ಬಾಯಿಂದ ಬಾರದ್ದನ್ನು ಅಲ್ಲಿ ಅವನ ಜೊತೆ ಇರುವವಳು ಹತ್ತೊಂಬತ್ತು ದಿನದಲ್ಲಿ ಹೇಳಿಬಿಟ್ಟಳು. ತೊಮಾಜ್‌ನನ್ನು ತೆಗೆದುಕೊಂಡಳು. ತಗೊಳ್ಳಲಿ. ಅಪ್ಪನಿಗೆ ನಾನೇ ಹೇಳಬೇಕು. ಅವಳು ಬರುವುದರೊಳಗೆ.

ಅಕ್ಟೋಬರ್ 1, ಬುಧವಾರ. ಸಂಜೆ

ಆಯುಧಪೂಜೆ. ಕಾಲು ಎಳೆದುಕೊಂಡು ಫ್ಯಾಕ್ಟರಿಗೆ ಹೋದೆ. ಮೆಷಿನ್‌ಗಳಿಗೆಲ್ಲಾ ಚೆಂಡುಹೂವು, ಕುಂಕುಮ. ಟೆಂಪರೇಚರ್ ರಿಜಿಸ್ಟರ್‌ಗೂ ಒಂದು ಬೊಟ್ಟು. ಭಾಗ್ಯಶ್ರೀ ಸ್ವೀಟ್ ಹಂಚುತ್ತಾ ಬಂದು ನನ್ನನ್ನು ದಾಟಿ ಹೋದಳು. ಕೈ ಚಾಚಿದ್ದೆ. ನಾಚಿಕೆ ಆಯಿತು.

ಮನೆಗೆ ಬಂದರೆ ಅಪ್ಪನ ದನಿ! ನಗುತ್ತಿದ್ದಾರೆ. ಹೇಳಿಯೇಬಿಡಬೇಕು ಅಂತ ಒಳಗೆ ನುಗ್ಗಿದೆ. ಫೋನ್ ಸ್ಪೀಕರ್‌ನಲ್ಲಿತ್ತು.

"ಅಲ್ಲಿ ಚಳಿ ಜಾಸ್ತಿನೇನಮ್ಮ? ಆ ಹುಡುಗ ಸ್ವೆಟರ್ ಕೊಡಿಸ್ದನಾ?"

"ಕೊಡಿಸ್ದ ಅಪ್ಪಾ. ನಿಮಗೂ ಒಂದು ತಗೊಂಡಿದೀವಿ."

ನನ್ನ ದನಿ. ನನಗಿಂತ ಹಗುರಾಗಿತ್ತು. ಅಡಿಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಅಪ್ಪ ಹೀಗೆ ಮಾತಾಡಲಿ ಅಂತ ಆರು ತಿಂಗಳು ಕಾದಿದ್ದೆ. ಹೊಟ್ಟೆಕಿಚ್ಚು ಆಯಿತು. ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಅಕ್ಟೋಬರ್ 2, ಗುರುವಾರ

ಹೇಳಲಿಲ್ಲ. ಹಬ್ಬದ ದಿನ ಬೇಡ ಅನ್ನಿಸಿತು. ಇಲ್ಲ, ಅದು ನೆಪ. ಧೈರ್ಯ ಸಾಲಲಿಲ್ಲ. ಊರು ಸುತ್ತಿ ಬಂದೆ. ವಾಪಸ್ ಬಂದಾಗ ಅಪ್ಪ ಫೋನ್ ಇಟ್ಟು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಅಕ್ಟೋಬರ್ 3, ಶುಕ್ರವಾರ. ಬೆಳಿಗ್ಗೆ 10.20

ಇಪ್ಪತ್ತಾರನೇ ದಿನ. 8.40ಕ್ಕೆ ಲ್ಯಾಂಡಿಂಗ್ ಅಂತ ನಾನೇ ಬರೆದದ್ದು. ಅಪ್ಪ ಸ್ನಾನ ಮಾಡಿ ಇಸ್ತ್ರಿ ಶರ್ಟ್ ಹಾಕಿ ಹಾಲ್‌ನಲ್ಲಿ ಕೂತಿದ್ದಾರೆ. ಫೋನ್ ಮೇಜಿನ ಮೇಲೆ.

ಹೇಳಿದೆ. ಈಗಷ್ಟೇ. ಕುರ್ಚಿಯ ಹಿಂದೆ ನಿಂತು, ಒಂಬತ್ತು ದಿನದ್ದೂ, ಎರಡು ಪೆನ್ನಿನದ್ದೂ. ಗಂಟಲು ಹರಿಯುವ ಹಾಗೆ ಹೇಳಿದೆ. ಅಪ್ಪನ ಭುಜ ಅಲ್ಲಾಡಿತು. ಕೇಳಿಸಿತು ಅವರಿಗೆ!

"ಮತ್ತೆ ಅದನ್ನೇ ಹೇಳ್ಬೇಡಮ್ಮ," ಅಂದರು. "ನಿನ್ನೆ ಫೋನಲ್ಲಿ ಹೇಳಿ ಅಷ್ಟು ಅತ್ತಿದೀಯ, ಸಾಕು. ನಾನೂ ಮನೇಲೇ ಇದ್ನಲ್ಲ, ನಾನಾದ್ರೂ ನೋಡ್ಬೋದಿತ್ತು. ನೀನು ಮೊದ್ಲು ಮನೆಗೆ ಬಾ."

"ಇಲ್ಲೇ ಇದ್ದೀನಿ ಅಪ್ಪಾ."

ಅಪ್ಪ ಫೋನ್ ಎತ್ತಿಕೊಂಡರು. ಕಿವಿಗೆ ಇಟ್ಟುಕೊಂಡು, ಹಲೋ, ಹಲೋ ಅಂದರು. ಕಟ್ ಆಯ್ತು ಅಂತ ಗೊಣಗಿ ಕೆಳಗಿಟ್ಟರು.

ಅವರ ಪಕ್ಕದ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಪೆನ್ನು ಹಿಡಿದಿರುವುದು ಬೆರಳಿಗೆ ಗೊತ್ತಾಗುತ್ತಿಲ್ಲ.

ಕಾರು ನಿಂತಿತು. ಡಿಕ್ಕಿ ತೆಗೆದ ಸದ್ದು. ಅಪ್ಪ ಎದ್ದು ಬಾಗಿಲಿಗೆ ಹೋದರು. "ರಂಜೂ!" ಅಂತ ಕೂಗಿದರು, ಮಾರ್ಚ್ ಆದಮೇಲೆ ಮೊದಲ ಸಲ. ನಾನು "ಓ" ಅಂದೆ. ಅದೇ ಹೊತ್ತಿಗೆ ಗೇಟಿನ ಹೊರಗಿನಿಂದಲೂ